ರೈತ ಕಂಪನಿಯ ಕಟ್ಟುಪಾಡು ಮತ್ತು ಹೊಸ ಕೆಲಸ



ಬಿತ್ತನೆ, ಗೊಬ್ಬರ, ರೋಗ, ಕೀಟ ಇವುಗಳ ವಿಚಾರವನ್ನು ನೀವು ಬಹಳ ಸಲ ಕೇಳಿದ್ದೀರಿ. ಈ ಹೊತ್ತು ನಾನು ಹೇಳಹೊರಟಿರುವುದು ಹೊಲದ ಮಾತಲ್ಲ, ತೂಕದ ಮನೆಯ ಮಾತು. ಅಂದರೆ ನೀವು ಹತ್ತಾರು ಊರಿನವರು ಸೇರಿ ಕಟ್ಟಿಕೊಂಡಿರುವ ರೈತ ಉತ್ಪಾದಕರ ಕಂಪನಿಯಲ್ಲಿ ಕೊಳ್ಳುವ, ತೂಗುವ, ಹಣ ಕೊಡುವ, ಸಭೆ ಸೇರುವ ಕ್ರಮಗಳು ಹೇಗಿದ್ದರೆ ಅಲ್ಲಿ ಹೊಸದೊಂದು ಕೆಲಸ ಹುಟ್ಟುತ್ತದೆ, ಹೇಗಿದ್ದರೆ ಹುಟ್ಟುವ ಮೊದಲೇ ಸಾಯುತ್ತದೆ ಎಂಬ ವಿಚಾರ. “ಇದೇನು, ಪೇಟೆಯ ಸಾಹುಕಾರರಿಗೆ ಹೇಳುವ ಮಾತನ್ನು ನಮಗೆ ಹೇಳುತ್ತಿದ್ದಾರಲ್ಲ” ಎಂದುಕೊಳ್ಳಬೇಡಿ. ಕಂಪನಿ ಈಗ ನಿಮ್ಮದೇ. 2002ರ ತಿದ್ದುಪಡಿಯಿಂದ ಕಂಪನಿ ಕಾಯಿದೆಯೊಳಗೆ ಉತ್ಪಾದಕರ ಕಂಪನಿ ಎಂಬುದಕ್ಕೆ ಜಾಗ ಸಿಕ್ಕಿತು. 2020ರಲ್ಲಿ ಅದೇ ಏರ್ಪಾಡನ್ನು 2013ರ ಹೊಸ ಕಾಯಿದೆಯೊಳಕ್ಕೆ ಸೇರಿಸಿದರು. ಹತ್ತು ಮಂದಿ ಬೇಸಾಯಗಾರರು ಸೇರಿದರೂ ಇಂಥ ಕಂಪನಿ ಕಟ್ಟಬಹುದು. ಎಷ್ಟೇ ಷೇರು ಇರಲಿ, ಒಬ್ಬನಿಗೆ ಒಂದೇ ಓಟು. ಐದಕ್ಕೆ ಕಡಮೆಯಿಲ್ಲದೆ, ಹದಿನೈದಕ್ಕೆ ಮೀರದೆ ನಿರ್ದೇಶಕರು. ಅವರ ಕೈಕೆಳಗೆ ಪೂರ್ತಿ ಹೊತ್ತು ಕೆಲಸ ಮಾಡುವ ಒಬ್ಬ ಮುಖ್ಯ ಕಾರ್ಯನಿರ್ವಾಹಕ. ಇವನು ಸದಸ್ಯನಾಗಿರಬಾರದು. ನಮ್ಮ ಕಡೆ ಇವನನ್ನು ಮ್ಯಾನೇಜರು ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಮೊದಲು ನನ್ನ ತಪ್ಪಿನಿಂದಲೇ ಶುರುಮಾಡುತ್ತೇನೆ.

ನಾನು ಕೆಲಸ ಮಾಡುವ ಸೀಮೆ ಒಣಭೂಮಿ. ಮಳೆ ಬಂದರೆ ಕಡಲೆಕಾಯಿ, ರಾಗಿ, ತೊಗರಿ. ಬಾರದಿದ್ದರೆ ಬೆಂಗಳೂರಿನ ಬಸ್ಸು. ಅಲ್ಲಿನ ಒಂದು ರೈತ ಕಂಪನಿ ಶುರುವಾದಾಗ ಅದರ ಪುಸ್ತಕಗಳನ್ನು ಹೇಗೆ ಬರೆಯಬೇಕು, ಖರ್ಚು ಹೇಗೆ ಮಾಡಬೇಕು ಎಂಬ ನಿಯಮಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಡಿಪ್ಲೊಮಾ ಓದಿ ಬಂದವನು ನಾನು. ಕಚೇರಿಯ ಕಾಗದಪತ್ರದ ಮೇಲೆ ಆಗ ಬಹಳ ನಂಬಿಕೆ. ಹಣ ಪೋಲಾಗಬಾರದು ಎಂಬ ಒಂದೇ ಯೋಚನೆಯಿಂದ ಒಂದು ನಿಯಮ ಬರೆದೆ. ಸಾವಿರ ರೂಪಾಯಿ ಮೀರಿದ ಯಾವುದೇ ಖರ್ಚಿಗೆ ಮೂರು ಅಂಗಡಿಯ ದರಪಟ್ಟಿ ತರಬೇಕು, ನಿರ್ದೇಶಕರ ಸಭೆಯಲ್ಲಿ ಠರಾವು ಆಗಬೇಕು, ಆಮೇಲೆ ಚೆಕ್ಕು. ಎಲ್ಲರೂ ಭೇಷ್ ಎಂದರು. ನನಗೂ ಹೆಮ್ಮೆಯಾಯಿತು.

2021ರ ಸೆಪ್ಟೆಂಬರಿನಲ್ಲಿ ಆ ಕಂಪನಿಯ ತೂಕದ ಮನೆಯಲ್ಲಿ ಚೀಲ ಹೊಲಿಯುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ನಿಲ್ಲಿಸಿ ಹೇಳಿದಳು: “ಸಾರ್, ಕಡ್ಲೆಕಾಯಿ ಚೀಲದ ಮೇಲ್ಗಡೆ ಒಣಗಿರ್ತದೆ, ತಳದಾಗೆ ಕೈ ಇಟ್ರೆ ತಣ್ಣಗಿರ್ತದೆ. ತೂಗೋಕೆ ಮುಂಚೆ ಟಾರ್ಪಾಲಿನ ಮೇಲೆ ಸುರಿದು ನೋಡ್ಬೇಕು. ಹಸಿ ಇದ್ರೆ ಎರಡು ದಿವ್ಸ ಇಲ್ಲೇ ಒಣಗಿಸಿ ತಗೋಬೇಕು. ನಾಲ್ಕು ಟಾರ್ಪಾಲು ಕೊಡ್ಸಿ ಸಾರ್, ಒಂದು ಮೀಟ್ರು ಕೊಡ್ಸಿ.” ಅವಳು ಹೇಳಿದ್ದು ತೇವಾಂಶ ಅಳೆಯುವ ಮೀಟರು. ಮಾತು ಸರಿಯಾಗಿಯೇ ಇತ್ತು. ಮ್ಯಾನೇಜರಿಗೂ ಒಪ್ಪಿಗೆಯಾಯಿತು. ಆದರೆ ಖರ್ಚು ಸಾವಿರ ಮೀರುತ್ತಿತ್ತು. ನಿರ್ದೇಶಕರ ಸಭೆ ಹಿಂದಿನ ವಾರವಷ್ಟೇ ಮುಗಿದಿತ್ತು, ಮುಂದಿನದು ಡಿಸೆಂಬರಿಗೆ. “ಆಗ ಇಡೋಣ ಬಿಡಿ” ಎಂದು ನಾನೇ ಹೇಳಿದೆ. ನಿಯಮ ನನ್ನದೇ ತಾನೆ!

ಆ ವರ್ಷದ ನವೆಂಬರ್ ಮಳೆಯನ್ನು ದಕ್ಷಿಣದ ಜಿಲ್ಲೆಗಳವರು ಯಾರೂ ಮರೆತಿಲ್ಲ. ಕೊಯ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ಕಡಲೆಕಾಯಿ ತೇವದಲ್ಲೇ ಚೀಲ ಸೇರಿತು, ಚೀಲ ಗೋದಾಮು ಸೇರಿತು. ಎಣ್ಣೆ ಮಿಲ್ಲಿನವರು ಚೀಲ ಬಿಚ್ಚಿ ಕೈಹಾಕಿ ನೋಡಿದರು. ಒಳಗೆ ಹಸಿರು ಬೂಷ್ಟು. ಲಾರಿ ಹಾಗೆಯೇ ಹಿಂತಿರುಗಿತು. ಸದಸ್ಯರಿಗೆ ಕೊಡಬೇಕಾದ ಹಣ ಆರು ತಿಂಗಳು ತಡವಾಯಿತು. ಒಂದು ಮನೆಯಲ್ಲಿ ಮಗಳ ಕಾಲೇಜು ಶುಲ್ಕಕ್ಕೆಂದು ನೆಚ್ಚಿಕೊಂಡಿದ್ದ ಹಣ ಅದು. ಅವರು ಓಲೆ ಅಡವಿಟ್ಟರು. ಡಿಸೆಂಬರಿನ ಸಭೆಯಲ್ಲಿ ಟಾರ್ಪಾಲಿನ ಠರಾವು ಒಮ್ಮತದಿಂದ ಪಾಸಾಯಿತು.

ಬೂಷ್ಟು ಹಿಡಿದ ಕಡಲೆಕಾಯಿಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಬೂಷ್ಟಿನಲ್ಲಿ ಆಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮನುಷ್ಯರ ಈಲಿಯನ್ನು ಕೆಡಿಸುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಕಾಯಿಯ ಹಿಂಡಿಯನ್ನು ಹಸುವಿಗೆ ಹಾಕಿದರೆ ವಿಷದ ಅಂಶ ಹಾಲಿಗೂ ಬರುತ್ತದೆ. ಆದಕಾರಣ “ಮಾರೋಕೆ ಆಗದಿದ್ದರೆ ಮನೆಗಾದರೂ ಇರಲಿ” ಎಂದು ಇಟ್ಟುಕೊಳ್ಳಬೇಡಿ.

ಈಗ ವಿಷಯಕ್ಕೆ ಬರೋಣ. ಆ ವರ್ಷ ಕೊರತೆಯಾದದ್ದು ಬುದ್ಧಿಯಲ್ಲ. ಬುದ್ಧಿ ತೂಕದ ಮನೆಯಲ್ಲೇ ಕೂತು ಚೀಲ ಹೊಲಿಯುತ್ತಿತ್ತು. ಹಣವೂ ಇತ್ತು. ಆ ಬುದ್ಧಿಯನ್ನು ಹಣದ ಹತ್ತಿರ ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗುವ ಕ್ರಮ ಇರಲಿಲ್ಲ. ಅಷ್ಟೇ ಅಲ್ಲ, ಇದ್ದ ಕ್ರಮವೇ ಅಡ್ಡಗಟ್ಟೆಯಾಗಿ ಕೂತಿತ್ತು. ಕಂಪನಿ ನಡೆಸುವವರು “ಹೊಸದೇನಾದರೂ ಮಾಡಿ, ಹೊಸದೇನಾದರೂ ಮಾಡಿ” ಎಂದು ವಾರ್ಷಿಕ ಸಭೆಯಲ್ಲಿ ಭಾಷಣ ಮಾಡುತ್ತಾರೆ. ಭಾಷಣದಿಂದ ಹೊಸದು ಬರುವುದಿಲ್ಲ. ದಿನವೂ ನಡೆಯುವ ಕೆಲಸದ ಕ್ರಮ ಅದಕ್ಕೆ ಎಡೆ ಕೊಡಬೇಕು.

ಹಾಗಾದರೆ ನಿಯಮಗಳನ್ನೆಲ್ಲ ಸಡಿಲ ಮಾಡಿಬಿಡೋಣವೇ? ಖಂಡಿತ ಬೇಡ. ಕೆಲವು ಕ್ರಮಗಳು ಕಲ್ಲಿನಂತೆ ಗಟ್ಟಿಯಾಗಿರಬೇಕು, ಕೆಲವು ಮಾತ್ರ ಬಳ್ಳಿಯಂತೆ ಬಾಗಬೇಕು. ಯಾವುದು ಯಾವುದೆಂದು ಆರಿಸುವುದೇ ನಿರ್ದೇಶಕರ ಕೆಲಸ. ತೂಕ, ಗುಣ ನೋಡುವುದು, ರಸೀತಿ, ಹಣ ಪಾವತಿ ಇವು ಕಲ್ಲು. ತಕ್ಕಡಿಯ ಮೇಲೆ ಪ್ರಯೋಗ ಬೇಡ. ಅಧ್ಯಕ್ಷರ ಚೀಲಕ್ಕೂ ವಿಧವೆ ಮುದುಕಿಯ ಚೀಲಕ್ಕೂ ಒಂದೇ ಮೀಟರು, ಒಂದೇ ಕಳೆತ. ಇದು ಗಟ್ಟಿಯಾಗಿದ್ದರೇನೇ ಜನ ಹೊಸದಕ್ಕೆ ಧೈರ್ಯಮಾಡಿ ಕೈಹಾಕುತ್ತಾರೆ. ಹಳೆಯ ಲೆಕ್ಕದಲ್ಲೇ ಅನುಮಾನ ಇರುವವನು ಹೊಸ ಪ್ರಯೋಗಕ್ಕೆ ತನ್ನ ಮಾಲು ಕೊಡುತ್ತಾನೆಯೇ?

ಇದಕ್ಕೆ ದೊಡ್ಡ ಉದಾಹರಣೆ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ಸಂಘ. ಈಗ ಅಮುಲ್ ಎಂಬ ಹೆಸರಿನಿಂದ ನಿಮಗೆಲ್ಲ ಗೊತ್ತಿರುವುದು. ಅದು ಸಹಕಾರ ಸಂಘ, ನಿಮ್ಮದು ಕಂಪನಿ. ಆದರೂ ಪಾಠ ಒಂದೇ. 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ರೈತರು ಖಾಸಗಿ ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಿ ತಮ್ಮದೇ ಸಂಘ ಕಟ್ಟಿದರು. ಮೊದಲಿಗೆ ಎರಡೇ ಊರಿನ ಸಂಘಗಳು, ದಿನಕ್ಕೆ ಸುಮಾರು 250 ಲೀಟರು ಹಾಲು. ಅವರು ಪ್ರಾರಂಭದಲ್ಲೇ ಎರಡು ಕ್ರಮಗಳನ್ನು ಹಿಡಿದುಕೊಂಡರು. ಹಾಲಿನ ಬೆಲೆಯನ್ನು ಬರಿಯ ಅಳತೆಯಿಂದ ಕಟ್ಟದೆ ಅದರ ಜಿಡ್ಡಿನ ಅಂಶ ನೋಡಿ ಕಟ್ಟುವುದು ಒಂದು. ಸದಸ್ಯ ತಂದ ಒಳ್ಳೆಯ ಹಾಲನ್ನು ಬೇಡವೆಂದು ಹಿಂದಕ್ಕೆ ಕಳಿಸದಿರುವುದು ಇನ್ನೊಂದು.

ಈ ಎರಡು ಕ್ರಮಗಳೂ ಏನು ಮಾಡಿದವು ನೋಡಿ. ಅಳತೆಗಷ್ಟೇ ಬೆಲೆ ಕೊಟ್ಟರೆ ನೀರು ಬೆರೆಸಿದವನಿಗೆ ಲಾಭ, ಎಮ್ಮೆಗೆ ಒಳ್ಳೆಯ ಮೇವು ಹಾಕಿದವನಿಗೆ ನಷ್ಟ. ಜಿಡ್ಡಿಗೆ ಬೆಲೆ ಕೊಟ್ಟಾಗ ಇದು ತಿರುವುಮುರುವು ಆಯಿತು. ಪಶುವಿನ ಆರೈಕೆಯಲ್ಲಿ ಹೊಸ ರೀತಿ ಹಿಡಿದವನಿಗೆ ಫಲ ಅವನ ಕೈಯಲ್ಲೇ ಕಂಡಿತು. ಎರಡನೆಯ ಕ್ರಮ ಸಂಘವನ್ನೇ ಪೇಚಿಗೆ ಸಿಕ್ಕಿಸಿತು. ಎಮ್ಮೆ ಚಳಿಗಾಲದಲ್ಲಿ ಹೆಚ್ಚು ಹಾಲು ಕೊಡುತ್ತದೆ, ಬೇಸಿಗೆಯಲ್ಲಿ ಕಡಮೆ. ಚಳಿಗಾಲದಲ್ಲಿ ಉಕ್ಕಿದ ಹಾಲನ್ನೆಲ್ಲ ಬೊಂಬಾಯಿಯವರು ಕೊಳ್ಳುತ್ತಿರಲಿಲ್ಲ. ಬೇರೆ ವ್ಯಾಪಾರಿಯಾಗಿದ್ದರೆ “ನಾಳೆಯಿಂದ ಅರ್ಧ ತನ್ನಿ” ಎನ್ನುತ್ತಿದ್ದ. ಸಂಘ ಹಾಗೆ ಹೇಳುವಂತಿರಲಿಲ್ಲ. ಉಳಿದ ಹಾಲಿಗೆ ದಾರಿ ಹುಡುಕಲೇಬೇಕಾಯಿತು. ಎಮ್ಮೆಯ ಹಾಲಿನಿಂದ ಪುಡಿ ಮಾಡಲಾಗದು ಎಂದು ಹೊರದೇಶದ ಪರಿಣತರು ಹೇಳುತ್ತಿದ್ದ ಕಾಲದಲ್ಲಿ ಎಚ್.ಎಂ. ದಲಾಯಾ ಎಂಬ ತಂತ್ರಜ್ಞರು ಮಾಡಿ ತೋರಿಸಿದರು. ವರ್ಗೀಸ್ ಕುರಿಯನ್ನರು ಬೆನ್ನಿಗೆ ನಿಂತರು. 1955ರ ಅಕ್ಟೋಬರಿನಲ್ಲಿ ಆನಂದದಲ್ಲಿ ಹಾಲಿನ ಪುಡಿಯ ಕಾರ್ಖಾನೆ ಶುರುವಾಯಿತು. ಜನ ದಲಾಯಾರ ಜಾಣ್ಮೆಯನ್ನು ಕೊಂಡಾಡುತ್ತಾರೆ, ಅದು ಸರಿಯೇ. ಆದರೆ ನಾನು ಆ ನಿಯಮವನ್ನೂ ಕೊಂಡಾಡುತ್ತೇನೆ. ಹಾಲನ್ನು ಹಿಂದಕ್ಕೆ ಕಳಿಸುವ ಅನುಕೂಲ ಇದ್ದಿದ್ದರೆ ಆ ಜಾಣ್ಮೆಗೆ ಅಷ್ಟು ತುರ್ತು ಎಲ್ಲಿಂದ ಬರುತ್ತಿತ್ತು?

ಈಗ ಈ ಕಣ್ಣಿನಿಂದ ನಮ್ಮ ಕಡಲೆಕಾಯಿಯನ್ನು ನೋಡಿ. ಹೆಣ್ಣುಮಕ್ಕಳು, ಇದನ್ನು ನೀವು ಬೆರಳೆಣಿಸಿ ಲೆಕ್ಕ ಹಾಕಬೇಕು. ಯಾಕೆಂದರೆ ಒಣಗಿಸುವ ಕೆಲಸ ನಿಮ್ಮದೇ.

ನೂರು ಕಿಲೊ ಕಾಯಿಯಲ್ಲಿ ನೂರಕ್ಕೆ 14 ಪಾಲು ತೇವ ಇದೆ ಎಂದಿಟ್ಟುಕೊಳ್ಳಿ. ಅಂದರೆ 14 ಕಿಲೊ ನೀರು, 86 ಕಿಲೊ ಮಾಲು. ಇಡಲು ಯೋಗ್ಯವಾಗಬೇಕಾದರೆ ತೇವ ನೂರಕ್ಕೆ 8ರ ಆಸುಪಾಸಿಗೆ ಇಳಿಯಬೇಕು. ಒಣಗಿಸಿದ ಮೇಲೆ ಮಾಲು ಅದೇ 86 ಕಿಲೊ, ಆದರೆ ಒಟ್ಟು ತೂಕ 93½ ಕಿಲೊ. ಆರೂವರೆ ಕಿಲೊ ಗಾಳಿಗೆ ಹೋಯಿತು. ಲೆಕ್ಕಕ್ಕೆ ಕ್ವಿಂಟಲಿಗೆ 6,000 ರೂಪಾಯಿ ಬೆಲೆ ಹಿಡಿಯಿರಿ. ಹಸಿಯಾಗಿ ತಂದವನಿಗೆ 6,000. ಎರಡು ದಿನ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಒಣಗಿಸಿ ತಂದವಳಿಗೆ 5,610. ಎಂದರೆ 390 ರೂಪಾಯಿ ದಂಡ, ಜೊತೆಗೆ ಎರಡು ದಿನದ ಕೂಲಿ. ಇಂಥ ಕ್ರಮ ಇರುವ ಕಂಪನಿಯಲ್ಲಿ ನಾನು ಹೋಗಿ “ಒಣಗಿಸಿ ತನ್ನಿ, ಒಣಗಿಸಿ ತನ್ನಿ” ಎಂದು ಬೋಧನೆ ಮಾಡಿದರೆ ಯಾರು ಕೇಳುತ್ತಾರೆ? ಕೇಳಬಾರದು ಕೂಡ. ಒಣಗಿದ ಕಾಯಿಗೆ ಕ್ವಿಂಟಲಿಗೆ ಸುಮಾರು 6,420 ರೂಪಾಯಿ ಕೊಟ್ಟರೆ ಆಗ ಇಬ್ಬರೂ ಸಮ. ಒಣಗಿಸಿದವಳಿಗೆ ಕೂಲಿಯಾದರೂ ದಕ್ಕಬೇಕಾದರೆ ಅದಕ್ಕಿಂತ ಇನ್ನಷ್ಟು ಮೇಲೆ ಹೋಗಬೇಕು.

ಆದ್ದರಿಂದ ಕಂಪನಿಯವರು ಯಾವುದೇ ಹೊಸ ಕೆಲಸಕ್ಕೆ ಜನರನ್ನು ಕರೆಯುವ ಮುಂಚೆ ತಮ್ಮ ಹಣ ಪಾವತಿಯ ಕ್ರಮ ಯಾರಿಗೆ ಬಹುಮಾನ ಕೊಡುತ್ತಿದೆ, ಯಾರಿಗೆ ದಂಡ ಹಾಕುತ್ತಿದೆ ಎಂದು ಕಾಗದದ ಮೇಲೆ ಹೀಗೆ ಲೆಕ್ಕ ಹಾಕಿ ನೋಡಬೇಕು. “ಮೊದಲೇ ಅಷ್ಟು ಬೆಲೆ ಕೊಟ್ಟು, ಆಮೇಲೆ ಮಿಲ್ಲಿನವರು ಕೊಡದಿದ್ದರೆ?” ಎಂದು ನಿರ್ದೇಶಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ಪಾದಕರ ಕಂಪನಿಯ ಕಾಯಿದೆಯಲ್ಲೇ ಇದಕ್ಕೆ ದಾರಿ ಇದೆ. ಬೆಲೆಯ ಒಂದು ಪಾಲನ್ನು ತಡೆದಿಟ್ಟುಕೊಂಡು, ಮಿಕ್ಕದ್ದನ್ನು ಕೂಡಲೆ ಕೊಟ್ಟು, ತಡೆದಿಟ್ಟದ್ದನ್ನು ಆಮೇಲೆ ಕೊಡಬಹುದು. ಮಾಲು ತಂದ ದಿನ ಪೇಟೆ ಧಾರಣೆಯಷ್ಟು, ಒಳ್ಳೆಯ ಬೆಲೆಗೆ ಮಾರಾಟವಾದ ಮೇಲೆ ಉಳಿದದ್ದು. ಆದರೆ ಎಷ್ಟು ಉಳಿದಿದೆ ಎಂಬುದು ಮೊದಲ ದಿನದ ರಸೀತಿಯಲ್ಲೇ ಬರೆದಿರಬೇಕು. ಬಾಯಿಮಾತಿನಲ್ಲಿ ತಡೆದಿಟ್ಟ ಹಣ ಜಗಳಕ್ಕೆ ಮೂಲ.

ಇನ್ನು ಬಳ್ಳಿಯಂತೆ ಬಾಗಬೇಕಾದ ಕ್ರಮ ಯಾವುದು? ಪ್ರಯೋಗದ ಖರ್ಚು. ನಿರ್ದೇಶಕರ ಸಭೆ ಮೂರು ತಿಂಗಳಿಗೊಂದಾದರೂ ಆಗಬೇಕು, ವರ್ಷಕ್ಕೆ ನಾಲ್ಕಾದರೂ ನಡೆಯಬೇಕು ಎಂದು ಕಾಯಿದೆ ಹೇಳುತ್ತದೆ. ಅನೇಕ ಕಡೆ ಸರಿಯಾಗಿ ನಾಲ್ಕೇ ನಡೆಯುತ್ತವೆ. ಮೂರು ತಿಂಗಳೆಂದರೆ ಒಂದು ಕಡಲೆಕಾಯಿ ಬೆಳೆಯ ಆಯುಸ್ಸು, ಸ್ವಲ್ಪ ಹೆಚ್ಚುಕಡಮೆ. ಪ್ರತಿ ಪ್ರಶ್ನೆಯೂ ಸಭೆಗೆ ಹೋಗಬೇಕೆಂದರೆ ಪ್ರಶ್ನೆ ಬಿತ್ತನೆಯಲ್ಲಿ ಹುಟ್ಟಿದರೆ ಉತ್ತರ ಒಕ್ಕಣೆಗೆ ಬರುತ್ತದೆ.

ಅದಕ್ಕೇ ನಾವು 2022ರಲ್ಲಿ ಹೀಗೆ ಮಾಡಿದೆವು. ವರ್ಷದ ಮೊದಲ ಸಭೆಯಲ್ಲೇ ಒಂದು ಠರಾವು. ಈ ವರ್ಷ ಪ್ರಯೋಗಕ್ಕೆಂದು ಇಪ್ಪತ್ತು ಸಾವಿರ ರೂಪಾಯಿ ಬೇರೆ ತೆಗೆದಿಟ್ಟಿದೆ, ಅದರೊಳಗೆ ಖರ್ಚು ಮಾಡುವ ಅಧಿಕಾರ ಮ್ಯಾನೇಜರಿಗೆ. ಅವನಿಗೆ ಸಲಹೆ ಹೇಳಲು ಮೂವರ ಸಣ್ಣ ಸಮಿತಿ: ಒಬ್ಬ ನಿರ್ದೇಶಕ, ತೂಕದ ಮನೆಯಿಂದ ಒಬ್ಬರು, ಸ್ತ್ರೀಶಕ್ತಿ ಸಂಘದಿಂದ ಒಬ್ಬರು. ಇಲ್ಲಿ ಒಂದು ಎಚ್ಚರಿಕೆ. ನಿರ್ದೇಶಕ ಮಂಡಳಿ ತನ್ನ ಅಧಿಕಾರವನ್ನು ಸಮಿತಿಗೆ ಬಿಟ್ಟುಕೊಡುವಂತಿಲ್ಲ, ಸಮಿತಿಯದು ನೆರವು ಮಾತ್ರ. ಮ್ಯಾನೇಜರಿಗಾದರೋ ಮಂಡಳಿ ಅಧಿಕಾರ ವಹಿಸಿಕೊಡಬಹುದು. ಠರಾವು ಬರೆಯುವಾಗ ಈ ಭೇದವನ್ನು ಮರೆಯಬೇಡಿ, ಆಮೇಲೆ ಆಡಿಟರು ಹಿಡಿಯುತ್ತಾರೆ. ಹಣ ಖರ್ಚಾದ ಮೇಲೆ ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸುವುದು ಕಡ್ಡಾಯ. ಅಕ್ಕಿ ಗಿರಣಿ, ಎಣ್ಣೆ ಗಾಣದಂಥ ದೊಡ್ಡ ಯಂತ್ರಕ್ಕೆ ಹಳೆಯ ಮೂರು ದರಪಟ್ಟಿಯ ನಿಯಮವೇ ಇರಲಿ ಎಂದೆವು. ಆ ನಿಯಮ ಕೆಟ್ಟದ್ದಲ್ಲ. ಟಾರ್ಪಾಲಿಗೆ ಅದನ್ನು ಹಾಕಿದ್ದು ಕೆಟ್ಟದ್ದು.

ಪ್ರಯೋಗಕ್ಕೆ ಒಂದು ನೋಟ್‌ಬುಕ್ಕು ಇಟ್ಟೆವು. ಪ್ರತಿ ಪ್ರಯೋಗಕ್ಕೂ ಒಂದು ಪುಟ, ಹೆಚ್ಚಿಗೆ ಬೇಡ. ಏನು ಮಾಡುತ್ತೇವೆ, ಯಾರ ಮಾತಿನಿಂದ ಹುಟ್ಟಿತು, ಎಷ್ಟು ಮನೆ, ಎಷ್ಟು ಹಣ, ಯಾವ ದಿನ ಕೂತು ನೋಡುತ್ತೇವೆ, ಏನು ಕಂಡರೆ ಮುಂದುವರಿಸುತ್ತೇವೆ, ಏನು ಕಂಡರೆ ಬಿಡುತ್ತೇವೆ. ಕಡೆಯ ಎರಡನ್ನು ಶುರುವಿಗೆ ಮುಂಚೆಯೇ ಬರೆಯಬೇಕು. ಮುಗಿದ ಮೇಲೆ ಬರೆದರೆ ಮನಸ್ಸು ತನಗೆ ಬೇಕಾದ್ದನ್ನೇ ಬರೆಯುತ್ತದೆ. ನನ್ನ ಮನಸ್ಸೂ ಅಷ್ಟೇ.

ಆ ಪುಟದಲ್ಲಿ “ಯಾರ ಮಾತು” ಎಂಬುದನ್ನು ಬರೆಯಲು ಕೆಲವರು ಹಿಂಜರಿದರು. “ಕಂಪನಿಯದು ಎಂದು ಬರೆದರೆ ಸಾಲದೆ?” ಎಂದರು. ಸಾಲದು. ತನ್ನ ಮಾತಿಗೆ ತನ್ನ ಹೆಸರು ಸಿಗದಿದ್ದರೆ ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ನಮ್ಮ ಊರುಗಳಲ್ಲಿ ಪಹಣಿ ಗಂಡನ ಹೆಸರಿನಲ್ಲಿ, ಆದ್ದರಿಂದ ಷೇರೂ ಗಂಡನ ಹೆಸರಿನಲ್ಲಿ. ಸಭೆಗೆ ಬರುವವನು ಗಂಡ. ಕಾಯಿ ಬಿಡಿಸುವವಳು, ಒಣಗಿಸುವವಳು, ಬೀಜಕ್ಕೆ ಆರಿಸಿ ಇಡುವವಳು ಮನೆಯಲ್ಲಿ. ಮಾಲಿನ ಒಳಗುಟ್ಟು ಬಲ್ಲವರು ಸಭೆಯಲ್ಲಿ ಇಲ್ಲವೇ ಇಲ್ಲ. ಆದಕಾರಣ ಸಭೆಯಲ್ಲಿ ಸಲಹೆ ಕೇಳುವ ಪದ್ಧತಿ ಒಂದನ್ನೇ ನೆಚ್ಚಬೇಡಿ. ತೂಕದ ಮನೆಗೆ ಮಾಲು ಬಂದಾಗ, ರಸೀತಿ ಕೊಡುವಾಗ, “ಈ ಸಲ ಏನು ತೊಂದರೆಯಾಯಿತು?” ಎಂದು ಒಂದು ಮಾತು ಕೇಳಿ ಬರೆದುಕೊಳ್ಳಿ. ಓದುಬರಹ ಬಾರದವರ ಮಾತನ್ನು ಗುಮಾಸ್ತನೇ ಬರೆಯಲಿ. ಸಂತೆಯ ದಿನ ಮ್ಯಾನೇಜರು ಆ ಪುಸ್ತಕವನ್ನು ಓದಿ, ಹದಿನೈದು ದಿನದೊಳಗೆ ಆಗುತ್ತದೆ, ಆಗುವುದಿಲ್ಲ, ಈಗ ಬೇಡ ಎಂಬ ಮೂರರಲ್ಲಿ ಒಂದು ಉತ್ತರ ಕೊಡಲಿ. “ಆಗುವುದಿಲ್ಲ” ಎಂದರೂ ಜನ ಬೇಸರಪಡುವುದಿಲ್ಲ, ಕಾರಣ ಹೇಳಿದರಾಯಿತು. ಉತ್ತರವೇ ಬಾರದಿದ್ದರೆ ಬೇಸರ. ವಾಟ್ಸಾಪ್ ಗುಂಪು ಇದೆಯಲ್ಲ ಎನ್ನುತ್ತೀರಿ. ಇದೆ, ನಾನೂ ಅದರಲ್ಲಿದ್ದೇನೆ. ಅಲ್ಲಿ ಒಂದು ಒಳ್ಳೆಯ ಸಲಹೆ ಬಂದರೆ ಮಧ್ಯಾಹ್ನದೊಳಗೆ ಅದರ ಮೇಲೆ ನಲವತ್ತು ಶುಭೋದಯ ಬಿದ್ದು ಮುಚ್ಚಿಹೋಗಿರುತ್ತದೆ.

ಈಗ ಆ ವರ್ಷದ ಪ್ರಯೋಗದ ಕತೆ. ಹನ್ನೆರಡು ಮನೆಗಳು ಒಪ್ಪಿದವು. ಒಂದೇ ಹೊಲದ ಕಾಯಿಯನ್ನು ಎರಡು ಪಾಲು ಮಾಡಿ, ಒಂದು ಪಾಲು ಹಳೆಯ ರೀತಿ, ಇನ್ನೊಂದು ಹೊಸ ರೀತಿ. ಹೊಸ ರೀತಿ ಎಂದರೆ ಗಿಡ ಕಿತ್ತ ಮೇಲೆ ಕಾಯಿ ಮೇಲ್ಮುಖವಾಗುವಂತೆ ಗಿಡವನ್ನು ಬುಡಮೇಲು ಮಾಡಿ ಎರಡು ಮೂರು ದಿನ ಹೊಲದಲ್ಲೇ ಬಿಡುವುದು, ಬಿಡಿಸಿದ ಮೇಲೆ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಆಗಾಗ ಕೈಯಾಡಿಸುವುದು. ಮೀಟರು ಬರುವ ಮುಂಚೆ ನಮ್ಮ ಹಿರಿಯರು ನೋಡುತ್ತಿದ್ದ ಪರೀಕ್ಷೆಯನ್ನೂ ಜೊತೆಗೆ ಇಟ್ಟುಕೊಂಡೆವು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ಬೀಜವನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬಿಡಬೇಕು.

ಎಲ್ಲವೂ ಸುಸೂತ್ರವಾಗಿ ಆಯಿತೆಂದು ಹೇಳಲಾರೆ. ಮೂರು ಮನೆಯವರು ಸಂಜೆ ಕಾಯಿ ಇನ್ನೂ ಬಿಸಿಯಾಗಿರುವಾಗಲೇ ಟಾರ್ಪಾಲು ಬಿಗಿಯಾಗಿ ಹೊದಿಸಿಬಿಟ್ಟರು. ರಾತ್ರಿ ಒಳಗೆಲ್ಲ ಬೆವರಿಳಿದು ಬೆಳಗ್ಗೆ ಕಾಯಿ ಮತ್ತೆ ಒದ್ದೆ. ಅವರ ಪಾಲು ಕೆಟ್ಟಿತು. ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಂತೆ ಆ ನಷ್ಟವನ್ನು ಪ್ರಯೋಗದ ಹಣದಿಂದ ಕಂಪನಿ ತುಂಬಿಕೊಟ್ಟಿತು. ಈ ನಿಯಮ ಬಹಳ ಮುಖ್ಯ. ಕಂಪನಿಯ ಕಲಿಕೆಗಾಗಿ ಮಾಡಿದ ಕೆಲಸದ ನಷ್ಟ ಒಂದು ಬಡ ಮನೆಯ ತಲೆಯ ಮೇಲೆ ಬಿದ್ದರೆ ಮರುವರ್ಷ ಪ್ರಯೋಗಕ್ಕೆ ಯಾರೂ ಸಿಗುವುದಿಲ್ಲ. ಎಷ್ಟರವರೆಗೆ ತುಂಬಿಕೊಡುತ್ತೇವೆ ಎಂಬ ಮಿತಿಯೂ ಮೊದಲೇ ಬರೆದಿರಬೇಕು. ಮರುವರ್ಷದ ಪುಟದಲ್ಲಿ ಒಂದು ಸಾಲು ಸೇರಿತು: ಸಂಜೆ ಕಾಯಿಯನ್ನು ರಾಶಿಮಾಡಿ ಬಿಸಿ ಆರಲು ಬಿಡಬೇಕು, ಆಮೇಲೆ ಅಂಚಿನಲ್ಲಿ ಗಾಳಿಯಾಡುವಂತೆ ಹೊದಿಸಬೇಕು. ಕೆಟ್ಟ ಮೂರು ಪಾಲು ಕಲಿಸಿದ್ದು ಅದನ್ನು. ಉಳಿದ ಒಂಬತ್ತು ಮನೆಯ ಕಾಯಿಯನ್ನು ಒಂದು ತಿಂಗಳಾದ ಮೇಲೆ ಚೀಲ ಬಿಚ್ಚಿ ನೋಡಿದಾಗ ಬೂಷ್ಟು ಇರಲಿಲ್ಲ.

ಪ್ರಯೋಗ ಸಣ್ಣದಾಗಿರಲಿ ಎಂದು ನಾನು ಇಷ್ಟು ಒತ್ತಿ ಹೇಳಲು ಬೇರೊಂದು ಕಾರಣವೂ ಇದೆ. ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಯಂತ್ರ ತಂದು, ಅದಕ್ಕೆ ಮಾಲು ಎಲ್ಲಿಂದ, ಕೊಳ್ಳುವವರು ಯಾರು ಎಂದು ಆಮೇಲೆ ಯೋಚಿಸುವ ಕಂಪನಿಗಳನ್ನು ನಾನು ನೋಡಿದ್ದೇನೆ. ಯಂತ್ರದ ಮೇಲೆ ಹೊದಿಸಿದ ಪ್ಲಾಸ್ಟಿಕ್ಕನ್ನೂ ತೆಗೆದಿರುವುದಿಲ್ಲ. ಕರೆಂಟಿನ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ಮಂಗಳೂರಿನ ಕ್ಯಾಂಪ್ಕೊ ಸಂಸ್ಥೆ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. ಅಡಿಕೆಗೆ ಬೆಲೆಯಿಲ್ಲದೆ ಬೆಳೆಗಾರರು ಕಂಗಾಲಾದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅದು ಹುಟ್ಟಿತು. ಊರೂರಿಗೆ ಹತ್ತಿರವಾಗಿ ಖರೀದಿ ಕೇಂದ್ರ ತೆರೆಯುವುದು, ಅಡಿಕೆಯನ್ನು ದರ್ಜೆ ನೋಡಿ ಬೇರೆ ಮಾಡುವುದು, ಹಣ ಕೊಡುವುದು, ಈ ಕ್ರಮಗಳು ಕೈಗೆ ಹತ್ತಿದವು. 1980ರ ಆಸುಪಾಸಿನಲ್ಲಿ ಕೋಕೊ ಬೆಲೆ ಕುಸಿದು ಕೊಳ್ಳುವವರಿಲ್ಲದಾದಾಗ ಕೋಕೊ ಖರೀದಿಗೂ ಕೈಹಾಕಿತು. ಅಡಿಕೆ ಕೊಳ್ಳುವ ಅಭ್ಯಾಸ ಮೈಗೂಡಿದ್ದವರಿಗೆ ಕೋಕೊ ಕೊಳ್ಳುವುದು ಹೊಸ ಮಾಲು, ಆದರೆ ಹೊಸ ವಿದ್ಯೆಯಲ್ಲ. ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಕೊಳ್ಳುವ ಕ್ರಮ ಮೊದಲು, ಕಾರ್ಖಾನೆ ಆಮೇಲೆ.

ಇನ್ನು ಪ್ರಯೋಗ ಗೆದ್ದ ಮೇಲೆ ಏನು ಮಾಡಬೇಕು? ಗೆದ್ದದ್ದನ್ನು ದಿನದ ಕೆಲಸಕ್ಕೆ ಸೇರಿಸಬೇಕು, ಅಂದರೆ ಬಳ್ಳಿಯಾಗಿದ್ದದ್ದು ಈಗ ಕಲ್ಲಾಗಬೇಕು. ನಮ್ಮ ಕಡೆ 2023ರಿಂದ ತೇವಾಂಶ ನೋಡದೆ ಯಾರ ಚೀಲವನ್ನೂ ತೂಗುವಂತಿಲ್ಲ. ಹೀಗೆ ಸೇರಿಸುವಾಗ ಹಳೆಯದೊಂದನ್ನು ತೆಗೆಯುವುದನ್ನು ಮಾತ್ರ ಮರೆಯಬಾರದು. ಒಂದು ದಿನ ಕೂತು ಎಣಿಸಿದಾಗ ಆ ಕಂಪನಿಯಲ್ಲಿ ಹನ್ನೊಂದು ರಿಜಿಸ್ಟರು ಇದ್ದವು. ಎರಡರಲ್ಲಿ ಒಂದೇ ವಿಷಯ ಬರೆಯುತ್ತಿದ್ದರು, ಒಂದನ್ನು ಯಾರೂ ಎಂದೂ ಓದಿರಲಿಲ್ಲ. ಎಲ್ಲವನ್ನೂ ಶುರುಮಾಡಿಸಿದವನು ನಾನೇ. ಕಾಯಿದೆಗೆ ಬೇಕಾದವನ್ನು ಉಳಿಸಿ ನಾಲ್ಕನ್ನು ನಿಲ್ಲಿಸಿದೆವು. ಗುಮಾಸ್ತನಿಗೆ ಸಿಕ್ಕ ಆ ಹೊತ್ತಿನಲ್ಲೇ ಅವನು ತೂಕದ ಮನೆಯ ಮಾತುಗಳನ್ನು ಬರೆದುಕೊಳ್ಳುವುದು.

ಕೆಲವರು ಕೇಳಬಹುದು: “ನಮ್ಮ ಕಂಪನಿ ಇನ್ನೂ ಕೂಸು. ಇಪ್ಪತ್ತು ಸಾವಿರ ಎಲ್ಲಿಂದ ತರೋಣ?” ತರಬೇಡಿ. ಎರಡು ಟಾರ್ಪಾಲು, ನಾಲ್ಕು ಮನೆ, ಒಂದು ಪುಟ ಸಾಕು. ಆದರೆ ಅಷ್ಟಕ್ಕಾದರೂ ಠರಾವು ಏಪ್ರಿಲ್ ಸುಮಾರಿಗೆ ಆಗಿರಲಿ. ಜೂನಿನಲ್ಲಿ ಮಳೆ ಬಿದ್ದ ಮೇಲೆ ನಿರ್ದೇಶಕರು ಸಭೆಗೆ ಸಿಗುವುದಿಲ್ಲ, ಅವರೂ ಬಿತ್ತನೆಗೆ ಹೋಗಿರುತ್ತಾರೆ. ಇನ್ನೊಂದು ಪ್ರಶ್ನೆ: “ಒಂದೇ ಸಲಕ್ಕೆ ಎಷ್ಟು ಪ್ರಯೋಗ ಮಾಡಬಹುದು?” ನನ್ನನ್ನು ಕೇಳಿದರೆ ಒಂದು ಹಂಗಾಮಿಗೆ ಒಂದು, ಹೆಚ್ಚೆಂದರೆ ಎರಡು. ಐದು ಶುರುಮಾಡಿದರೆ ಐದನ್ನೂ ನೋಡುವವರು ಇರುವುದಿಲ್ಲ.

ಅಂದಹಾಗೆ ಆ ಚೀಲ ಹೊಲಿಯುತ್ತಿದ್ದ ಹೆಣ್ಣುಮಗಳು ಈಗ ಮೀಟರಿನ ಮುಂದೆ ಕೂತಿರುತ್ತಾಳೆ. ಹೋದ ಹಂಗಾಮಿನಲ್ಲಿ ಒಬ್ಬ ನಿರ್ದೇಶಕರ ಚೀಲವನ್ನೇ ತೇವ ಹೆಚ್ಚೆಂದು ಪಕ್ಕಕ್ಕೆ ಇಡಿಸಿದಳು. ಅವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅವರೇ ಚೀಲ ಬಿಚ್ಚಿ ಟಾರ್ಪಾಲಿನ ಮೇಲೆ ಸುರಿದರು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಈಗ ಅವಳದೇ ಇನ್ನೊಂದು ಮಾತು ಇದೆ, ತೊಗರಿಬೇಳೆಯ ನುಚ್ಚಿನ ವಿಷಯ. ಅದು ಇನ್ನೂ ಪ್ರಯೋಗದಲ್ಲಿದೆ, ನೋಡುವ ದಿನ ಬಂದಿಲ್ಲ, ಬಂದಾಗ ತಿಳಿಸುತ್ತೇನೆ.